ಬೇವಿನ ಕಟ್ಟಿಗೆಯ ಅಕ್ಷರಗಳು

ನನ್ನ ಕೈಯಲ್ಲಿ ಮೊದಲು ಕಂಡದ್ದು ಬಲಗೈ ತೋರುಬೆರಳಿನ ತುದಿಗೆ ಒಂದು ಕೆಂಪು ಕಲೆ. ಹಸಿಮೆಣಸಿನಕಾಯಿ ಕುಟ್ಟಿದ್ದಕ್ಕೆ ಉರಿಯುತ್ತಿರಬೇಕು ಅಂದುಕೊಂಡು ಕೊಬ್ಬರಿ ಎಣ್ಣೆ ಸವರಿ ಸುಮ್ಮನಾದೆ. ಕಲೆ ಅಲ್ಲಿಗೇ ನಿಲ್ಲಲಿಲ್ಲ. ಬೆರಳುಗಳ ತುದಿಯೆಲ್ಲ ಕೆಂಪಾಗಿ, ಸಣ್ಣ ನೀರುಗುಳ್ಳೆಗಳೆದ್ದು, ಅವು ಒಡೆದು ಚರ್ಮ ಬಿರಿಯತೊಡಗಿತು. ಅಂಗೈಯ ಬುಡದಲ್ಲಿ, ಕೀಬೋರ್ಡಿನ ಅಂಚಿಗೆ ಕೈ ಊರುವ ಜಾಗದಲ್ಲಿ, ಪಟ್ಟಿ ಎಳೆದ ಹಾಗೆ ಚರ್ಮ ದಪ್ಪಗಾಗಿ ಕಪ್ಪಿಟ್ಟಿತು. ಉಪ್ಪು ಮುಟ್ಟಿದರೆ ಜೀವ ಹೋದ ಹಾಗಾಗುತ್ತಿತ್ತು.

ಆಗ ನಾವು ನರಗುಂದದಲ್ಲಿದ್ದೆವು. ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮದೊಂದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ನನ್ನ ತವರು ಗಜೇಂದ್ರಗಡ. ಮದುವೆಗೆ ಮೊದಲೇ ಟೈಪಿಂಗ್ ಕಲಿತಿದ್ದೆ, ಆದ್ದರಿಂದ ಟೈಪ್ ಮಾಡುವುದು ನನ್ನ ಪಾಲು, ಗಿರಾಕಿಗಳನ್ನು ನೋಡಿಕೊಳ್ಳುವುದು ನಮ್ಮ ಮನೆಯವರ ಪಾಲು. ಬಹಳ ವರ್ಷ ಟೈಪ್‌ರೈಟರಿನ ಮೇಲೇ ಅಂಗಡಿ ನಡೆಯಿತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಜನ ಆ ಅಕ್ಷರ ಬೇಡ ಅನ್ನತೊಡಗಿದರು. ಮದುವೆ ಪತ್ರಿಕೆಗೆ ಹೂಬಳ್ಳಿ ಬೇಕು, ಅರ್ಜಿಗೆ ದಪ್ಪ ತಲೆಬರಹ ಬೇಕು. ಕಂಪ್ಯೂಟರ್ ತಂದೆವು. ನಾನು ಕೆಲವೇ ವಾರಗಳಲ್ಲಿ ಕನ್ನಡ ಟೈಪಿಂಗ್ ಕಲಿತೆ. ಮುಂಜಾನೆಯಿಂದ ಸಂಜೆಯವರೆಗೆ ಕೂತಲ್ಲಿಂದ ಏಳದಷ್ಟು ಕೆಲಸ ಬಂತು. ಕೈ ಕೆಟ್ಟದ್ದು ಆ ಮೇಲೆ.

ಗದಗಿನ ಚರ್ಮದ ಡಾಕ್ಟರು ನನ್ನ ಕೈ ತಿರುಗಿಸಿ ಮುರುಗಿಸಿ ನೋಡಿ, ದಿನಾ ಏನು ಮುಟ್ಟುತ್ತೀರಿ ಎಂದು ಕೇಳುತ್ತಾ ಹೋದರು. ಕೀಬೋರ್ಡಿನ ಅಂಚಿನ ಗುರುತು ನೋಡಿದ ಮೇಲೆ ಅವರಿಗೆ ಅನುಮಾನ ಉಳಿಯಲಿಲ್ಲ.

"ಪ್ಲಾಸ್ಟಿಕ್ಕು, ರಬ್ಬರು ಮಾಡೋವಾಗ ಏನೇನೋ ಔಷಧ ಕೂಡಿಸಿರ್ತಾರ್ರಿ. ಕೆಲವರ ಚರ್ಮಕ್ಕ ಅದು ಆಗಿ ಬರಂಗಿಲ್ಲ. ಅಂಟುರೋಗ ಅಲ್ಲ, ಅಂಜಬ್ಯಾಡ್ರಿ. ಆದ್ರ ಆ ಕೆಲಸ ಬಿಡಬೇಕು ನೀವು."

ಮುಲಾಮು ಕೊಟ್ಟರು. ಹಚ್ಚಿದಾಗ ಕಡಿಮೆಯಾಗುತ್ತಿತ್ತು, ಮತ್ತೆ ಕೀಬೋರ್ಡ್ ಮುಟ್ಟಿದರೆ ಮೊದಲಿನ ಹಾಗೇ ಏಳುತ್ತಿತ್ತು. ರಬ್ಬರ್ ಕೈಗವಸು ಹಾಕಿದರೆ ಇನ್ನೂ ಹೆಚ್ಚಾಯಿತು. ಬಟ್ಟೆಯ ಕೈಗವಸು ಹಾಕಿದರೆ ಬೆರಳು ಜಾರಿ ಒಂದು ಅಕ್ಷರಕ್ಕೆ ಇನ್ನೊಂದು ಬೀಳುತ್ತಿತ್ತು.

ಊರಿನ ಜನಕ್ಕೆ ಡಾಕ್ಟರು ಹೇಳಿದ್ದು ಗೊತ್ತಿರಲಿಲ್ಲ. ಅವರಿಗೆ ಕಾಣುತ್ತಿದ್ದದ್ದು ನನ್ನ ಕೈ ಮಾತ್ರ. ಪ್ರಶ್ನೆಪತ್ರಿಕೆ ಟೈಪ್ ಮಾಡಿಸಲು ಬರುತ್ತಿದ್ದ ಸಾಲೆಯ ಮುಖ್ಯ ಶಿಕ್ಷಕಿ, ನಾವೆಲ್ಲ ದೊಡ್ಡ ಅಕ್ಕಾರು ಅನ್ನುತ್ತಿದ್ದವರು, ಒಂದು ದಿನ ಹಾಳೆಗಳನ್ನು ತುದಿ ಹಿಡಿದು ತೆಗೆದುಕೊಂಡರು. ಆಮೇಲೆ ಆ ಬೆರಳುಗಳನ್ನು ಕರವಸ್ತ್ರಕ್ಕೆ ಒರೆಸಿಕೊಂಡರು. ಅವರು ಕೆಟ್ಟವರಲ್ಲ. ನನ್ನ ಮಗಳಿಗೆ ಹೆಸರು ಹುಡುಕುವಾಗ ಜೊತೆಗೆ ಕೂತು ಯೋಚಿಸಿದವರು.

"ದವಾಖಾನಿಗೆ ತೋರಿಸೀರೇನು?"

"ತೋರಿಸೀನ್ರಿ. ಪ್ಲಾಸ್ಟಿಕ್ ಆಗಿ ಬರಂಗಿಲ್ಲಂತ."

"ಪ್ಲಾಸ್ಟಿಕ್ ಆಗಿ ಬರಂಗಿಲ್ಲಾ? ಮನ್ಯಾಗ ಬಕೀಟ ಮುಟ್ಟಂಗಿಲ್ಲೇನು ನೀವು?"

ಬಕೆಟ್ಟನ್ನು ಗಳಿಗೆ ಮುಟ್ಟಿ ಬಿಡುವುದಕ್ಕೂ ದಿನವೆಲ್ಲ ಗುಂಡಿಗಳನ್ನು ಒತ್ತುವುದಕ್ಕೂ ಇರುವ ವ್ಯತ್ಯಾಸ ಅವರು ಹೋದ ಮೇಲೆ ಹೊಳೆಯಿತು. ಮುಂದಿನ ಪರೀಕ್ಷೆಗೆ ಅವರು ಬರಲಿಲ್ಲ. ಮದುವೆ ಪತ್ರಿಕೆಯವರು ಅವರಿಗಿಂತ ಮೊದಲೇ ಬರುವುದನ್ನು ನಿಲ್ಲಿಸಿದ್ದರು. ಶುಭಕಾರ್ಯದ ಕಾಗದವನ್ನು ಇಂಥ ಕೈಯಲ್ಲಿ ಯಾರು ಮಾಡಿಸುತ್ತಾರೆ? ದೊಡ್ಡ ರೋಗ, ಅಂದರೆ ಕುಷ್ಠ, ಅನ್ನುವ ಮಾತು ಎದುರಿಗೆ ಯಾರೂ ಆಡಲಿಲ್ಲ. ಝೆರಾಕ್ಸ್ ಮಾಡಿಸಲು ಬಂದ ಹೆಣ್ಣುಮಗಳೊಬ್ಬಳು ತನ್ನ ಜೊತೆಯವಳಿಗೆ ಅದನ್ನೇ ಪಿಸುಗುಟ್ಟಿದ್ದು ಯಂತ್ರದ ಸದ್ದು ನಿಂತ ಗಳಿಗೆಯಲ್ಲಿ ನನ್ನ ಕಿವಿಗೆ ಬಿತ್ತು.

ಮನೆಯಲ್ಲೂ ಆ ಅನುಮಾನ ಬಂತು. ನಾನು ನೀರು ಕುಡಿಯುವ ಚರಿಗೆ ಗೂಡಿನಲ್ಲಿ ಬೇರೆ ಕಡೆ ಕೂತಿತು. ಆಗ ಮಗಳಿಗೆ ಐದು ವರ್ಷ. ಒಂದು ಮುಂಜಾನೆ ನಾನು ಅವಳಿಗೆ ಹೆರಳು ಹಾಕಲು ಬಾಚಣಿಗೆ ಕೈಗೆ ತೆಗೆದುಕೊಂಡಾಗ ಅತ್ತೆಯವರು ಮೆಲ್ಲಗೆ ಅದನ್ನು ಇಸಿದುಕೊಂಡು, "ಬಿಡವಾ, ಹೆಳ್ಳ ನಾ ಹಾಕ್ತೀನಿ, ನಿನ್ನ ಕೈಗಿ ನೋವಾಗ್ತೈತಿ" ಅಂದರು. ಪ್ರೀತಿಯಿಂದಲೇ ಅಂದರು. ಆದರೆ ನನ್ನ ಕಣ್ಣು ನೋಡಲಿಲ್ಲ.

ಆ ವಾರ ನಮ್ಮ ಮನೆಯವರು ಅಂಗಡಿಯ ಬಾಗಿಲು ಅರ್ಧ ಎಳೆದು ನನ್ನೆದುರು ಕೂತರು.

"ಬ್ಯಾರೆ ಯಾರನ್ನರ ಟೈಪಿಂಗಿಗೆ ಇಟ್ಕೊಳ್ಳೋಣು. ನೀ ಸ್ವಲ್ಪ ದಿನಾ ಮನ್ಯಾಗ ಇರು."

"ಸ್ವಲ್ಪ ದಿನಾ ಅಂದ್ರ?"

ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತರು. ಬೇರೆಯವರನ್ನು ಇಟ್ಟರೆ ಮತ್ತೆ ಆ ಕುರ್ಚಿಯಲ್ಲಿ ನಾನು ಕೂಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆ ಅಂಗಡಿಯಲ್ಲಿ ನನ್ನದು ಅಂತ ಇದ್ದದ್ದು ಆ ಕುರ್ಚಿಯೊಂದೇ. ಊರಿನ ಜನ ನನ್ನನ್ನು ಯಾರದೋ ಸೊಸೆ, ಯಾರದೋ ಹೆಂಡತಿ ಅನ್ನದೆ 'ಟೈಪಿಂಗ್ ಅಕ್ಕಾರು' ಎಂದು ಕರೆಯುತ್ತಿದ್ದದ್ದು ಅಲ್ಲಿ ಕೂತಾಗ ಮಾತ್ರ.

"ನನಗ ಒಂದು ತಿಂಗಳ ಕೊಡ್ರಿ. ಗಜೇಂದ್ರಗಡಕ್ಕ ಹೋಗಿ ಬರ್ತೀನಿ," ಅಂದೆ. ಅವರು ಕೈ ವಾಸಿ ಮಾಡಿಕೊಳ್ಳಲು ಹೊರಟಿದ್ದೇನೆ ಅಂದುಕೊಂಡರು. ನಾನು ಹಳೆಯ ಕೀಬೋರ್ಡೊಂದನ್ನು ಸೀರೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಿದ್ದೆ.

ನಮ್ಮ ತವರುಮನೆಯ ಓಣಿಯ ಕೊನೆಗೆ ಕಟ್ಟಿಗೆ ಕೆಲಸದ ಚಾಚಾ ಇದ್ದರು. ತೊಟ್ಟಿಲು, ಲಟ್ಟಣಿಗೆ, ಚಪಾತಿ ಮಣೆ, ಮಕ್ಕಳ ನೂಕುಬಂಡಿ, ಎಲ್ಲ ಅವರ ಕೈಯವೇ. ನಾನು ಮಲಗಿದ ತೊಟ್ಟಿಲೂ ಅವರದು, ನನ್ನ ಮಗಳು ಮಲಗಿದ್ದೂ ಅವರದು. ಅವರ ಮುಂದೆ ಕೂತು, ಕೈ ಸೆರಗಿನೊಳಗೇ ಇಟ್ಟುಕೊಂಡು, ನನ್ನ ಕಥೆ ಹೇಳಿದೆ.

"ಕೈ ತೋರ್ಸು ಮಗಳ."

ತೋರಿಸಿದೆ. ಅವರು ತಮ್ಮ ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದರು. ತಿಂಗಳುಗಟ್ಟಲೆ ಡಾಕ್ಟರನ್ನು ಬಿಟ್ಟು ಯಾರೂ ಮುಟ್ಟಿರದ ಕೈ ಅದು. ನನಗೆ ಅಳು ತಡೆಯಲಾಗಲಿಲ್ಲ. ಅವರು ಗಾಬರಿಯಾಗಿ, "ನೋವಾತೇನು?" ಎಂದು ಬಿಟ್ಟುಬಿಟ್ಟರು.

ನನ್ನ ಯೋಚನೆ ಸರಳವಾಗಿತ್ತು. ಕೀಬೋರ್ಡಿನ ಗುಂಡಿಗಳನ್ನು ಒಂದೊಂದಾಗಿ ಕಿತ್ತು ತೆಗೆಯಬಹುದು, ಮತ್ತೆ ಒತ್ತಿ ಕೂಡಿಸಬಹುದು. ಪ್ರತಿ ಗುಂಡಿಯ ತಲೆಯನ್ನು ಅರದಿಂದ ತಿಕ್ಕಿ, ಅದರ ಮೇಲೆ ತೆಳ್ಳನೆಯ ಕಟ್ಟಿಗೆಯ ಬಿಲ್ಲೆ ಅಂಟಿಸಿದರೆ ನನ್ನ ಬೆರಳಿಗೆ ತಾಗುವುದು ಕಟ್ಟಿಗೆ ಮಾತ್ರ. ಕೈ ಊರುವಲ್ಲಿ ಒಂದು ಹಲಗೆ. ಮೌಸಿಗೆ ಕಟ್ಟಿಗೆಯದೇ ಚಿಪ್ಪು.

"ಆಕೈತಿ," ಅಂದರು ಚಾಚಾ. "ನೋಡೋಣಂತ."

ಬಿಲ್ಲೆಗಳಿಗೆ ಅವರು ತಮ್ಮಲ್ಲಿದ್ದ ಒಳ್ಳೆಯ ಕಟ್ಟಿಗೆಯನ್ನೇ ತೆಗೆದರು. ಹಳೆಯ ಮಂಚದ ಬೀಟೆಯ ಕಾಲು, ಕಪ್ಪಗೆ, ಕನ್ನಡಿಯಂತೆ ನುಣ್ಣಗೆ. ನಾನು ಪೆನ್ಸಿಲ್ಲಿನಲ್ಲಿ ಅಕ್ಷರ ಬರೆದು ಕೊಟ್ಟೆ, ಅವರು ಕಾಯಿಸಿದ ಕಂಬಿಯಿಂದ ಸುಟ್ಟು ಮೂಡಿಸಿದರು. ಬಡಗಿಗಳು ಕುದಿಸಿ ಹಚ್ಚುವ ಅಂಟಿನಿಂದ ಅಂಟಿಸಿದೆವು. ಅಷ್ಟು ಚೆಂದದ ವಸ್ತುವನ್ನು ನಾನು ಮೊದಲು ನೋಡಿರಲಿಲ್ಲ. ತವರುಮನೆಯ ಪಡಸಾಲೆಯಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ದಿನವೂ ತಾಸುಗಟ್ಟಲೆ ಸುಮ್ಮನೆ ಬೆರಳಾಡಿಸಿದೆ.

ವಾರ ಕಳೆಯುವಷ್ಟರಲ್ಲಿ ಕೈ ಹಿಂದೆಂದೂ ಇಲ್ಲದಷ್ಟು ಊದಿತು. ಗುಳ್ಳೆಗಳು ಮಣಿಕಟ್ಟಿನವರೆಗೆ ಏರಿದವು. ಅಮ್ಮ ನನಗೆ ತುತ್ತು ಮಾಡಿ ಉಣಿಸಬೇಕಾಯಿತು. ಚಾಚಾ ಬಂದು ಬಾಗಿಲಲ್ಲಿ ನಿಂತು ನೋಡಿದರು. ಒಳಗೆ ಬರಲಿಲ್ಲ.

"ನಾನಽ ಮಾಡಿದ್ದು ಇದು," ಅಂದರು. "ನನ್ನ ಕೈಲೆ ಆಗಂಗಿಲ್ಲ ಮಗಳ. ಬಿಟ್ಟುಬಿಡು."

ಆ ದಿನಗಳು ನನಗೆ ಎಲ್ಲಕ್ಕಿಂತ ಕಷ್ಟದವು. ಪ್ಲಾಸ್ಟಿಕ್ಕೇ ಕಾರಣ ಎಂದು ನಂಬಿದ್ದೆ. ಈಗ ಕಟ್ಟಿಗೆಗೂ ಹೀಗಾದರೆ ಡಾಕ್ಟರು ಹೇಳಿದ್ದು ತಪ್ಪೇ? ಜನ ಪಿಸುಗುಟ್ಟಿದ್ದೇ ಖರೆಯೇ? ಮಗಳನ್ನು ನರಗುಂದದಲ್ಲೇ ಬಿಟ್ಟು ಬಂದದ್ದು ಒಳ್ಳೆಯದಾಯಿತು ಎಂದು ಕೂಡ ಅನ್ನಿಸಿತು.

ಕೈ ಸ್ವಲ್ಪ ಇಳಿದ ಮೇಲೆ ಒಂದು ಸಂಜೆ ಅಮ್ಮನಿಗೆ ಬೇಸರವಾಗಬಾರದೆಂದು ಚಪಾತಿ ಲಟ್ಟಿಸಲು ಕೂತೆ. ಲಟ್ಟಿಸುತ್ತಾ ಇರುವಾಗ ಥಟ್ಟನೆ ಹೊಳೆಯಿತು. ಮದುವೆಯಾದಾಗಿನಿಂದ ದಿನಾ ಲಟ್ಟಣಿಗೆ ಹಿಡಿದಿದ್ದೇನೆ, ಒಂದು ದಿನವೂ ಅದು ನನಗೆ ಏನೂ ಮಾಡಿಲ್ಲ. ಹಿಟ್ಟಿನ ಕೈಯಲ್ಲೇ ಲಟ್ಟಣಿಗೆ ಹಿಡಿದುಕೊಂಡು ಚಾಚಾರ ಅಂಗಡಿಗೆ ಓಡಿದೆ.

"ಇದು ಯಾವ ಕಟ್ಟಿಗಿದು ಚಾಚಾ?"

"ಬೇವಿಂದು. ಯಾಕ?"

"ನರಗುಂದದಾಗ ನನ್ನ ಹತ್ರ ಇರೋದು?"

"ಅದೂ ಬೇವಿಂದಽ. ನಿನ್ನ ಮದವಿಗಿ ನಾನಽ ಕೊಟ್ಟೀನಲ್ಲ."

"ಹಂಗಾರ ಬೇವಿಂದಽ ಮಾಡ್ರಿ."

ಅವರು ಒಪ್ಪಲಿಲ್ಲ. ಮತ್ತೆ ಊದಿದರೆ ನಿಮ್ಮ ಅಪ್ಪನಿಗೆ ಹ್ಯಾಂಗ ಮುಖ ತೋರಿಸಲಿ ಅಂದರು. ಕೊನೆಗೆ ಒಂದೇ ಒಂದು ಬಿಲ್ಲೆ ಕೊಯ್ದು ಕೊಟ್ಟರು. ಅದನ್ನು ಮಣಿಕಟ್ಟಿಗೆ ಬಟ್ಟೆಯಿಂದ ಕಟ್ಟಿಕೊಂಡು ಮಲಗಿದೆ, ಎದ್ದೆ, ಕೆಲಸ ಮಾಡಿದೆ. ಬಿಚ್ಚಿ ನೋಡಲು ಹೆದರಿಕೆ. ಬಿಚ್ಚಿದಾಗ ಚರ್ಮದ ಮೇಲೆ ಬಿಲ್ಲೆಯ ಅಂಚಿನ ಗುರುತು ಬಿಟ್ಟರೆ ಬೇರೇನೂ ಇರಲಿಲ್ಲ. ಪ್ಲಾಸ್ಟಿಕ್ಕಿನ ಹಾಗೆ ಬೀಟೆಯೂ ನನ್ನ ಚರ್ಮಕ್ಕೆ ಆಗಿ ಬರುತ್ತಿರಲಿಲ್ಲ, ಅಷ್ಟೇ.

ಚಾಚಾ ಬೀಟೆಯ ಬಿಲ್ಲೆಗಳನ್ನು ಒಂದೊಂದಾಗಿ ಕಿತ್ತು ಬೇವಿನವು ಹಾಕಿದರು. ಪಾಲಿಶಿನ ಸಹವಾಸವೇ ಬೇಡ ಎಂದು ಕುಸುಬಿ ಎಣ್ಣೆ ಮಾತ್ರ ತಿಕ್ಕಿದೆವು. ಮೌಸಿನ ಚಿಪ್ಪು ಮಾತ್ರ ಅವರನ್ನು ಬಹಳ ಕಾಡಿತು. ಒತ್ತುವ ಭಾಗ ದಪ್ಪವಾದರೆ ಬಾಗುವುದಿಲ್ಲ, ತೆಳುವಾದರೆ ಮುರಿಯುತ್ತದೆ. ಎರಡು ಮೂರು ಚಿಪ್ಪು ಕೆಟ್ಟ ಮೇಲೆ ಒಂದು ಸರಿಹೋಯಿತು. ಅಂಗೈಯಲ್ಲಿ ಅದು ಮೊಲದ ಮರಿಯ ಹಾಗೆ ಕೂಡುತ್ತಿತ್ತು.

ನರಗುಂದಕ್ಕೆ ಮರಳಿ ಕುರ್ಚಿಯಲ್ಲಿ ಕೂತೆ. ನಮ್ಮ ಮನೆಯವರು ಕೀಬೋರ್ಡನ್ನು ನೋಡಿದರು, ನನ್ನನ್ನು ನೋಡಿದರು, ಆ ದಿನದ ಅರ್ಜಿಗಳನ್ನು ತಂದು ನನ್ನ ಮುಂದಿಟ್ಟರು. ಚಳಿಗಾಲ ಬಂದಾಗ ಗುಳ್ಳೆಗಳು ಹೋಗಿ ಬೆರಳ ತುದಿಗಳಲ್ಲಿ ಕಪ್ಪು ಕಲೆಗಳಷ್ಟೇ ಉಳಿದಿದ್ದವು. ಅತ್ತೆಯವರು ಒಂದು ಮುಂಜಾನೆ ಬಾಚಣಿಗೆಯನ್ನು ತಾವಾಗಿಯೇ ನನ್ನ ಮುಂದಿಟ್ಟು ಹೋದರು. ಮನೆಯೊಳಗಿನದು ಹಾಗೆ ಮುಗಿಯಿತು. ಊರು ಮಾತ್ರ ಬರಲಿಲ್ಲ. ಹೊಸಬರು ಬರುತ್ತಿದ್ದರು, ಹಳಬರು ಎದುರಿನ ರಸ್ತೆಯಲ್ಲಿ ಮುಖ ತಿರುಗಿಸಿ ಹೋಗುತ್ತಿದ್ದರು. ಕರೆದು ಕರೆದು ಹೇಳುವುದಾದರೂ ಹೇಗೆ, ನನಗೆ ಆ ರೋಗವಿಲ್ಲ ಎಂದು?

ರೋಣದ ಕಾಲೇಜಿನ ಉಪನ್ಯಾಸಕರೊಬ್ಬರು ಪ್ರಬಂಧ ಟೈಪ್ ಮಾಡಿಸಲು ಬಂದದ್ದು ಬೇಸಿಗೆಯ ಕೊನೆಯಲ್ಲಿ. ಕೀಬೋರ್ಡ್ ಕಂಡದ್ದೇ ಪ್ರಬಂಧ ಮರೆತರು.

"ಏನ್ರಿ ಇದು! ಪರಿಸರ ಸ್ನೇಹಿ ಕಂಪ್ಯೂಟರ್ ಅಲ್ರೀ ಇದು!"

ದೊಡ್ಡ ಊರುಗಳಲ್ಲಿ ಹಳೆಯ ಕಂಪ್ಯೂಟರುಗಳು ಗುಡ್ಡದಂತೆ ಬೀಳುತ್ತಿವೆ, ಸುಟ್ಟರೆ ವಿಷದ ಹೊಗೆ, ಹೂತರೆ ಮಣ್ಣು ಹಾಳು ಎಂದು ವಿವರಿಸಿದರು. ಬಿದಿರಿನಲ್ಲಿ, ಕಟ್ಟಿಗೆಯಲ್ಲಿ ಕಂಪ್ಯೂಟರ್ ಮಾಡುವ ಯೋಚನೆ ಹೊರದೇಶಗಳಲ್ಲಿ ನಡೆದಿದೆಯಂತೆ. ಅವರ ಮಾತಿನಲ್ಲಿ ಕಳಕಳಿಯಿತ್ತು. ಮಳೆಗಾಲ ಶುರುವಾಗುವಾಗ ರೋಣದಲ್ಲಿ ಒಂದು ಪರಿಸರ ವಸ್ತುಪ್ರದರ್ಶನ ಇದೆ, ಇದನ್ನು ಅಲ್ಲಿ ಇಡೋಣ, ಕಂಪ್ಯೂಟರಿನ ಡಬ್ಬಿಯನ್ನೂ ಕಟ್ಟಿಗೆಯದೇ ಮಾಡಿಸಿ, ಉದ್ಘಾಟನೆಗೆ ಬರುವ ಅಧಿಕಾರಿ ಸಾಹೇಬರ ಎದುರಿಗೇ ನೀವು ಟೈಪ್ ಮಾಡಿ ತೋರಿಸಬೇಕು ಅಂದರು.

ನಮ್ಮ ಮನೆಯವರ ಮುಖದಲ್ಲಿ ಬಹಳ ದಿನಗಳ ಮೇಲೆ ನಗು ಕಂಡೆ. ಊರಲ್ಲಿ ಹೋದ ಹೆಸರು ಹೀಗಾದರೂ ಬರಲಿ ಎಂಬ ಆಸೆ ಅವರದು. ಚಾಚಾ ಬೇವಿನ ಹಲಗೆಯ ಪೆಟ್ಟಿಗೆ ಮಾಡಿ, ಗಾಳಿಯಾಡಲು ಹಿಂದೆ ತೂತು ಕೊರೆದು ಕೊಟ್ಟರು. ಎಲ್ಲ ತಯಾರಾದ ಮೇಲೆ ಉಪನ್ಯಾಸಕರು ನನಗೆ ಒಂದು ಮಾತು ಹೇಳಿದರು.

"ಅಕ್ಕಾರ, ಅಲ್ಲಿ ಕೈ ಜಡ್ಡಿನ ಮಾತು ಬ್ಯಾಡ್ರಿ. ಪರಿಸರದ ಸಲುವಾಗಿ ಮಾಡಿದ್ವಿ ಅಂತ ಹೇಳೋಣು. ಪ್ಲಾಸ್ಟಿಕ್ ಇಲ್ಲದ ಕಂಪ್ಯೂಟರ್ ಅಂತ."

"ಒಳಗೆಲ್ಲಾ ಪ್ಲಾಸ್ಟಿಕ್ ಐತಲ್ರಿ ಸರ್. ಬಿಲ್ಲಿ ಕೆಳಗೂ ಐತಿ."

"ಒಳಗಿಂದು ಯಾರು ನೋಡ್ತಾರ್ರಿ?"

ನಾನು ನಮ್ಮ ಮನೆಯವರತ್ತ ತಿರುಗಿದೆ. ಅವರು, "ಸರ್ ಹೇಳೋದು ಬರೋಬ್ಬರಿ ಐತಿ," ಅಂದರು. "ಮತ್ತ ಆ ಮಾತು ಯಾಕ ಎತ್ತೋದು? ಮರತಾರ ಎಲ್ಲಾರೂ."

ಊರವರು ಮರೆತಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಸುಮ್ಮನಾದೆ.

ಪ್ರದರ್ಶನದ ವಾರ ಮಳೆ ಹಿಡಿಯಿತು. ಪೆಟ್ಟಿಗೆಯನ್ನು ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊರಟೆವು. ಕೀಬೋರ್ಡು ನನ್ನ ಸೆರಗಿನಡಿಯಲ್ಲಿತ್ತು. ಯಾವಗಲ್ ದಾಟುವಾಗ ಕಿಟಕಿಯ ಸಂದಿನಿಂದ ಇರಚಲು ಹೊಡೆದು ನನ್ನ ತೋಳೆಲ್ಲ ಒದ್ದೆಯಾಯಿತು. ಬಾಗಿ ಅದನ್ನು ಎದೆಗೆ ಅವುಚಿಕೊಂಡೆ. ರೋಣದ ಸಾಲೆಯ ದೊಡ್ಡ ಕೋಣೆಯಲ್ಲಿ ಗೋಡೆಗಳು ಬೆವರುತ್ತಿದ್ದವು. ಉಪನ್ಯಾಸಕರು ತರಿಸಿಟ್ಟಿದ್ದ ಪರದೆಗೆ ಎಲ್ಲ ಜೋಡಿಸಿ ಒಂದು ಸಾಲು ಟೈಪ್ ಮಾಡಿ ನೋಡಿದೆ. ಬೆರಳಿಗೆ ತಕ್ಷಣ ತಿಳಿಯಿತು. ಗುಂಡಿಗಳು ಮೊದಲಿನಷ್ಟು ಹಗುರಾಗಿ ಮೇಲೆ ಬರುತ್ತಿರಲಿಲ್ಲ.

"ಬಿಲ್ಲಿ ಉಬ್ಬ್ಯಾವ್ರಿ," ಅಂದೆ ನಮ್ಮ ಮನೆಯವರಿಗೆ. "ಒಂದಕ್ಕೊಂದು ತಿಕ್ಕಾಕ ಹತ್ತ್ಯಾವು."

"ಈಗ ಏನ್ ಮಾಡಾಕ ಬರ್ತೈತಿ? ಸಾಹೇಬ್ರು ಬಂದಽ ಬಿಟ್ಟಾರ. ಸಾವಕಾಶ ಹೊಡಿ, ನಡೀತೈತಿ."

ಸಾಹೇಬರು ಬಂದರು. ಹಿಂದೆ ಜನ ಬಂದರು. ಶಿಕ್ಷಕರು, ಸಾಲೆಯ ಮಕ್ಕಳು, ಅವರನ್ನು ಕರೆತಂದ ತಾಯಂದಿರು. ಆ ಗುಂಪಿನಲ್ಲಿ ನರಗುಂದದ ದೊಡ್ಡ ಅಕ್ಕಾರನ್ನು ಕಂಡು ಕೈ ಸೆರಗಿನೊಳಗೆ ಎಳೆದುಕೊಂಡೆ. ಉಪನ್ಯಾಸಕರು ಮೈಕಿನಲ್ಲಿ, ಪ್ಲಾಸ್ಟಿಕ್ಕಿನ ಹೆಸರೇ ಇಲ್ಲದ ಕಂಪ್ಯೂಟರ್, ಪರಿಸರದ ಕಾಳಜಿಯಿಂದ ನಮ್ಮ ಭಾಗದ ಗೃಹಿಣಿಯೊಬ್ಬರು ಮಾಡಿಸಿದ್ದು ಎಂದು ಹೇಳಿದರು. ಚಪ್ಪಾಳೆ ಬಿತ್ತು. ಸಾಹೇಬರು ನಗುತ್ತಾ, "ನಮ್ಮ ಕೆರೆ ನಮ್ಮ ಹೆಮ್ಮೆ ಅಂತ ಬರೀರಿ ನೋಡೋಣು," ಅಂದರು.

'ನಮ್ಮ' ಸರಿಯಾಗಿ ಬಿತ್ತು. 'ಕೆರೆ'ಗೆ ಒತ್ತಿದ ಗುಂಡಿ ಕೆಳಗೆ ಹೋಯಿತು, ಮೇಲೆ ಬರಲಿಲ್ಲ. ಪರದೆಯ ಮೇಲೆ ಕಕಕಕಕ ಎಂದು ಸಾಲು ತುಂಬತೊಡಗಿತು. ಉಗುರಿನಿಂದ ಎಬ್ಬಿಸಿದೆ. ಅಷ್ಟರಲ್ಲಿ ಎರಡು ಸಾಲು ಕ ತುಂಬಿ ಮಕ್ಕಳು ಒಟ್ಟಿಗೆ ಕಕಕಕ ಎಂದು ಓದಿ ನಗತೊಡಗಿದ್ದವು. ಅಳಿಸಿ ಮತ್ತೆ ಹೊಡೆದೆ, ಪಕ್ಕದ ಗುಂಡಿ ಸಿಕ್ಕಿಬಿತ್ತು. ಉಪನ್ಯಾಸಕರ ಮುಖ ಕೆಂಪಾಯಿತು. ಸಾಹೇಬರು ಗಡಿಯಾರ ನೋಡಿಕೊಂಡರು.

ಆಗ ಗುಂಪಿನಿಂದ ಯಾರೋ ಹೆಣ್ಣುಮಗಳ ದನಿ ಕೇಳಿತು. "ಈಕಿ ನರಗುಂದದಾಕಿ ಅಲ್ಲೇನ? ಕೈಗೆ ದೊಡ್ಡ ಜಡ್ಡಾಗಿತ್ತಂತಲ್ಲ?"

ನಗು ನಿಂತುಹೋಯಿತು. ಎದುರಿಗೆ ಬಾಗಿ ನೋಡುತ್ತಿದ್ದ ಮಗುವನ್ನು ಅದರ ತಾಯಿ ಹಿಂದಕ್ಕೆ ಎಳೆದುಕೊಂಡಳು. ನಮ್ಮ ಮನೆಯವರು ನನ್ನ ಕಿವಿಯ ಹತ್ತಿರ, "ಏಳು, ಹೋಗೋಣು," ಅಂದರು.

ಏಳಲು ನನಗೂ ಮನಸ್ಸಿತ್ತು. ಎದ್ದರೆ ಆ ಮಾತೇ ಖಾಯಂ ಆಗಿ ಉಳಿಯುತ್ತದೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು. ಗುಂಡಿಯ ಬಿಲ್ಲೆಯ ಅಂಚನ್ನು ಸ್ವಲ್ಪ ಹೆರೆದರೆ ಸಾಕು, ಕೆಲಸ ನಡೆಯುತ್ತದೆ. ಹೆರೆಯಲು ಏನೂ ಇರಲಿಲ್ಲ. ಚಾಚಾ ಗಾಜಿನ ಚೂರಿನಿಂದ ಲಟ್ಟಣಿಗೆ ಹೆರೆಯುವುದನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಎಡಗೈ ಎತ್ತಿ ಮೇಜಿನ ಅಂಚಿಗೆ ಒಂದು ಬಳೆ ತಾಗಿಸಿ ಒಡೆದೆ.

"ಅಯ್ಯಯ್ಯ, ಬಳಿ!" ಎಂದು ಹೆಂಗಸರು ಕೂಗಿದರು. ಬಳೆ ಒಡೆಯುವ ಮಾತನ್ನು ಬಾಯಲ್ಲಿ ಕೂಡ ಆಡದ ಸೀಮೆ ನಮ್ಮದು. ಅದೂ ಗಂಡ ಪಕ್ಕದಲ್ಲೇ ನಿಂತಿರುವಾಗ. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಗುಂಡಿ ಕಿತ್ತು, ಬಳೆಚೂರಿನಿಂದ ಬಿಲ್ಲೆಯ ಅಂಚು ಹೆರೆಯುತ್ತಾ ಮಾತಾಡತೊಡಗಿದೆ. ಮಾತಾಡುತ್ತೇನೆ ಎಂದು ನಾನು ಅಂದುಕೊಂಡಿರಲಿಲ್ಲ.

"ಹೌದ್ರಿ, ನನ್ನ ಕೈಗೆ ಜಡ್ಡಾಗಿತ್ತು. ಪ್ಲಾಸ್ಟಿಕ್ ಹತ್ತಿದ್ರ ನನ್ನ ಚರ್ಮ ಬಿರೀತೈತಿ. ಅದು ಒಬ್ಬರಿಂದ ಒಬ್ಬರಿಗಿ ಬರೋ ಜಡ್ಡಲ್ಲ. ಅದರ ಸಲುವಾಗಿ ಇದನ್ನ ಮಾಡಿಸಿದ್ದು. ಪರಿಸರದ ಸಲುವಾಗಿ ಅಲ್ಲ. ಇದರೊಳಗ ಪ್ಲಾಸ್ಟಿಕ್ ಐತಿ, ಕಬ್ಬಿಣ ಐತಿ. ನನ್ನ ಕೈ ಮುಟ್ಟೋ ಕಡೆ ಅಷ್ಟಽ ಬೇವಿನ ಕಟ್ಟಿಗಿ."

ಎರಡೂ ಕೈ ಎತ್ತಿ ಅಂಗೈ ಅವರತ್ತ ತಿರುಗಿಸಿದೆ. ಯಾರೂ ಹತ್ತಿರ ಬರಲಿಲ್ಲ.

ಹಿಂದಿನ ಸಾಲಿನಿಂದ ಒಬ್ಬಳು ಜನರನ್ನು ಸರಿಸಿಕೊಂಡು ಬಂದಳು. ಮಧ್ಯವಯಸ್ಸಿನವಳು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಅಸೂಟಿಯಿಂದ ಮಗಳನ್ನು ಕರೆತಂದವಳು ಎಂದು ಆಮೇಲೆ ತಿಳಿಯಿತು. ನನ್ನ ಕೈಯನ್ನು ಸೂಕ್ಷ್ಮವಾಗಿ ನೋಡಿ, ತನ್ನ ರಬ್ಬರ್ ಚಪ್ಪಲಿ ಕಳಚಿ, ಪಾದವನ್ನು ಅಲ್ಲೇ ಇದ್ದ ಬೆಂಚಿನ ಮೇಲೆ ಇಟ್ಟಳು.

"ನನಗೂ ಹಿಂಗಽ ಆಗೈತಿ ನೋಡ ತಂಗಿ."

ಪಾದದ ಮೇಲೆ ಚಪ್ಪಲಿಯ ಪಟ್ಟಿ ಕೂಡುವ ಜಾಗದಲ್ಲಿ, ಆ ಪಟ್ಟಿಯದೇ ಆಕಾರದಲ್ಲಿ, ಚರ್ಮ ಕಪ್ಪಗೆ ಬಿರಿದಿತ್ತು. ಯಾರೋ ಕುಂಚ ಹಿಡಿದು ಬರೆದ ಹಾಗೆ.

"ಎಲ್ಲಾರೂ ಕಣ್ಣು ಹತ್ತೈತಿ, ದೃಷ್ಟಿ ತಗಿ ಅಂದ್ರು. ತಗದೂ ತಗದೂ ಸಾಕಾತು. ಇದು ಚಪ್ಪಲಿಂದೇನ?"

"ಚಪ್ಪಲಿಂದಽ ಅನಸ್ತೈತಿ ಅಕ್ಕ. ಡಾಕ್ಟರಿಗಿ ತೋರ್ಸು. ಅಲ್ಲಿತನಾ ಈ ರಬ್ಬರ್ ಬಿಟ್ಟು ಬ್ಯಾರೆ ಏನರ ಹಾಕ್ಕೋ."

ಜನ ಈಗ ನನ್ನ ಕೈ ಬಿಟ್ಟು ಆಕೆಯ ಪಾದ ನೋಡಿದರು, ಪಾದ ಬಿಟ್ಟು ಚಪ್ಪಲಿ ನೋಡಿದರು. ಮಗುವನ್ನು ಹಿಂದಕ್ಕೆ ಎಳೆದುಕೊಂಡಿದ್ದ ತಾಯಿ ತನ್ನ ಕಾಲನ್ನೂ ಬಾಗಿ ನೋಡಿಕೊಂಡಳು. ಯಾರೋ ಕಿಸಕ್ಕನೆ ನಕ್ಕರು. ಆ ನಗುವಿನಲ್ಲಿ ಕುಹಕವಿರಲಿಲ್ಲ. ಹೆರೆದ ಗುಂಡಿಗಳನ್ನು ಕೂಡಿಸಿ ಸಾಹೇಬರು ಹೇಳಿದ ಸಾಲನ್ನು ಟೈಪ್ ಮಾಡಿದೆ. ಒಂದೂ ತಪ್ಪು ಬೀಳಲಿಲ್ಲ. ಸಾಹೇಬರು ಓದಿ, ತಲೆಯಾಡಿಸಿ, ಮುಂದಿನ ಮೇಜಿಗೆ ಹೋದರು.

ಬಹುಮಾನ ನಮಗೆ ಬರಲಿಲ್ಲ. ಉಪನ್ಯಾಸಕರು ಕೌದಿ ಸುತ್ತಲು ಕೈ ಹಚ್ಚಿ, ಅದು ಮುಗಿದದ್ದೇ ಹೊರಟುಬಿಟ್ಟರು. ಅವರಿಗೆ ಎಲ್ಲರೆದುರು ಮುಖಭಂಗವಾಗಿತ್ತು, ಅದು ನನ್ನಿಂದ ಆದದ್ದು. ಹಾಗೆಂದು ನಾನು ಆಡಿದ್ದರಲ್ಲಿ ಸುಳ್ಳಿರಲಿಲ್ಲ. ಇವತ್ತಿಗೂ ಅದು ನನ್ನೊಳಗೆ ಪೂರ್ತಿ ತೀರಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮ ಮನೆಯವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಅವರ ಮೌನಕ್ಕೆ ನನಗೆ ರೋಣದ ಜನಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಹೊಲಗಳಲ್ಲಿ ನೀರು ನಿಂತಿತ್ತು, ರಸ್ತೆಯ ಬದಿಗೆ ಒಂದು ಟ್ರ್ಯಾಕ್ಟರ್ ಕೆಸರಿನಲ್ಲಿ ಹುಗಿದು ನಿಂತಿತ್ತು. ಅದನ್ನು ದಾಟಿದ ಮೇಲೆ ಅವರು ಬಾಯಿ ತೆರೆದರು.

"ನೀ ಬಳಿ ಒಡದಾಗ ನನ್ನ ಎದಿ ಧಸಕ್ಕಂತು."

"ನನಗ ಬ್ಯಾರೆ ಏನೂ ಸಿಗಲಿಲ್ರಿ."

"ಸಿಟ್ಟಿಗೆದ್ದು ಒಡದಿ ಅಂತ ತಿಳಕೊಂಡೆ. ನನ್ನ ಮ್ಯಾಲಿನ ಸಿಟ್ಟಿಗೆ."

"ಸಿಟ್ಟೂ ಇತ್ತು," ಅಂದೆ.

ಅವರು ನನ್ನತ್ತ ತಿರುಗಿದರು. ಆಮೇಲೆ, "ಕೆಳಗ ಬಿದ್ದ ಚೂರು ಆರಿಸ್ಕೊಂಡು ಬಂದೀನಿ. ಯಾರರ ಮಕ್ಕಳು ತುಳದಾರಂತ," ಅಂದರು. ಅಂಗಿಯ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು ತೋರಿಸಿದರು. ಹಸಿರು ಚೂರುಗಳು.

ಅವತ್ತಿನ ಮಾತು ಬಸ್ಸಿಗಿಂತ ಜೋರಾಗಿ ನರಗುಂದ ಮುಟ್ಟಿತು. ಎಲ್ಲರೂ ಮರಳಿ ಬಂದರು ಅಂದರೆ ಸುಳ್ಳಾಗುತ್ತದೆ. ಕೆಲವರು ಕೊನೆಯವರೆಗೂ ಬರಲೇ ಇಲ್ಲ. ದೊಡ್ಡ ಅಕ್ಕಾರು ಬಂದರು. ಹಾಳೆಗಳನ್ನು ಎರಡೂ ಕೈಯಲ್ಲಿ ಕೊಟ್ಟು, ಕುರ್ಚಿ ಎಳೆದುಕೊಂಡು ಕೂತು, "ಒಂದು ಗುಂಡಿ ಒತ್ತಿ ನೋಡ್ಲೇನು?" ಎಂದು ಕೇಳಿದರು. ಒತ್ತಿ ನೋಡಿ, "ಮೆತ್ತಗೈತಿ," ಅಂದರು. ಕರವಸ್ತ್ರದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಉಪನ್ಯಾಸಕರು ಆ ಪ್ರಬಂಧವನ್ನು ಬೇರೆ ಕಡೆ ಟೈಪ್ ಮಾಡಿಸಿದರು ಎಂದು ಕೇಳಿದೆ. ಮುಂದಿನ ವರ್ಷ ಒಂದು ಸಲ ಬಂದು, ಪೆಟ್ಟಿಗೆಯ ಅಳತೆ ಬರೆದುಕೊಂಡು, ಚಹಾ ಕುಡಿದು ಹೋದರು.

ಪೆಟ್ಟಿಗೆ ಬಹಳ ವರ್ಷ ಬಾಳಲಿಲ್ಲ. ಒಳಗೆ ಕಾವು ಹೆಚ್ಚಾಗಿ ಹಲಗೆ ಸೀಳಿತು, ಮೊದಲಿನ ಕಬ್ಬಿಣದ ಡಬ್ಬಿಯನ್ನೇ ಹಾಕಿದೆವು. ಕೀಬೋರ್ಡು ಮಾತ್ರ ನಾವು ಅಂಗಡಿ ನಡೆಸಿದಷ್ಟು ವರ್ಷವೂ ನಡೆಯಿತು. ಬಿಲ್ಲೆಗಳು ಸವೆದು ಬೆರಳಿನ ಗುಣಿ ಬಿದ್ದಾಗ ಚಾಚಾ ಹೊಸವು ಕೊಯ್ದು ಕಳಿಸುತ್ತಿದ್ದರು.

ಮುಂಗಾರಿನ ಮೋಡ ಕಟ್ಟುವ ಹೊತ್ತಿಗೆ ನಮ್ಮ ಮನೆಯವರು ಯಾರೂ ಹೇಳದೆ ಉಸುಕಿನ ಕಾಗದ ತೆಗೆದುಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂಡುತ್ತಿದ್ದರು. ಗುಂಡಿಗಳನ್ನು ಒಂದೊಂದಾಗಿ ಕಿತ್ತು, ಅಂಚು ತಿಕ್ಕಿ, ಕುಸುಬಿ ಎಣ್ಣೆ ಸವರಿ, ಬಿಸಿಲಿಗೆ ಕಾಗದದ ಮೇಲೆ ಹರವುತ್ತಿದ್ದರು. ಯಾವುದು ಎಲ್ಲಿ ಕೂಡಬೇಕೆಂದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಒಳಗಿನಿಂದ ನಾನು ಒಂದೊಂದೇ ಅಕ್ಷರ ಹೇಳುತ್ತಿದ್ದೆ, ಅವರು ಹುಡುಕಿ ತಂದು ನನ್ನ ಅಂಗೈಯಲ್ಲಿ ಇಡುತ್ತಿದ್ದರು.